ಬೆಂಗಳೂರಿನ ಗಾಳಿ, ದೂರದ ಗುರಿ: ಬ್ಯಾಲಿಸ್ಟಿಕ್ ಕ್ಯಾಲ್ಕ್ಯುಲೇಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೇಂಜಿನ ಬೆಂಚಿನ ಮೇಲೆ, ಶೂಟಿಂಗ್ ಮುಗಿಸಿ ಕಾಫಿ ಕುಡಿಯುವಾಗ, ರಾತ್ರಿ ಹತ್ತರ ಮೇಲೆ ಬರುವ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೇಳಿದವರ ಮಾತನ್ನು ಹಾಗೇ ಉಳಿಸಿದ್ದೇನೆ. ಬ್ಯಾಲಿಸ್ಟಿಕ್ ಕ್ಯಾಲ್ಕ್ಯುಲೇಟರ್ ಎಂದರೆ ದೂರದ ಗುರಿಗೆ ಸ್ಕೋಪನ್ನು ಎಷ್ಟು ಸರಿಸಬೇಕು ಎಂದು ಲೆಕ್ಕ ಹಾಕಿ ಹೇಳುವ ಆ್ಯಪ್. ಉದಾಹರಣೆಗಳಿಗೆಲ್ಲ ಒಂದೇ ರೈಫಲ್: .308 ವಿಂಚೆಸ್ಟರ್, 175 ಗ್ರೇನ್ (ಸುಮಾರು 11 ಗ್ರಾಂ) ತೂಕದ ಸಿಯೆರಾ ಮ್ಯಾಚ್‌ಕಿಂಗ್ ಗುಂಡು, ನಳಿಗೆಯಿಂದ ಹೊರಬೀಳುವ ವೇಗ ಸೆಕೆಂಡಿಗೆ 792 ಮೀಟರ್. ನಿಮ್ಮ ರೈಫಲ್ ಬೇರೆಯಾದರೆ ಅಂಕಿಗಳು ಬದಲಾಗುತ್ತವೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

## ಶುರು ಮಾಡುವವರಿಗೆ

ಸರ್, ಈ ಕ್ಯಾಲ್ಕ್ಯುಲೇಟರ್ ಒಳಗೆ ಏನು ಲೆಕ್ಕ ನಡೆಯುತ್ತೆ?

ಗುಂಡು ಹೊರಬಿದ್ದ ಕ್ಷಣದಿಂದ ಎರಡು ಬಲ ಅದನ್ನು ಬಿಡುವುದಿಲ್ಲ. ಭೂಮಿ ಕೆಳಕ್ಕೆ ಎಳೆಯುತ್ತದೆ, ಗಾಳಿ ಹಿಂದಕ್ಕೆ ತಡೆಯುತ್ತದೆ. ಕ್ಯಾಲ್ಕ್ಯುಲೇಟರ್ ಗುಂಡಿನ ದಾರಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ವೇಗ ಎಷ್ಟು ಇಳಿಯಿತು, ಗುಂಡು ಎಷ್ಟು ಕೆಳಗೆ ಬಂತು ಎಂದು ಕೂಡುತ್ತಾ ಹೋಗುತ್ತದೆ. ನಮ್ಮ ಉದಾಹರಣೆಯ ಗುಂಡು 1000 ಗಜ, ಅಂದರೆ 914 ಮೀಟರ್ ತಲುಪಲು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಅದು ನಳಿಗೆಯ ನೇರದಿಂದ ಹತ್ತು ಮೀಟರ್ ಆಸುಪಾಸು ಕೆಳಗೆ ಬಂದಿರುತ್ತದೆ, ಹೆಚ್ಚುಕಡಿಮೆ ಮೂರಂತಸ್ತಿನ ಮನೆಯಷ್ಟು. ಆ ಹತ್ತು ಮೀಟರನ್ನು ಹತ್ತು ಸೆಂಟಿಮೀಟರಿನೊಳಗೆ ಊಹಿಸಿ ಹೇಳು ಎಂದು ನಾವು ಕೇಳುತ್ತಿದ್ದೇವೆ. ಸೂತ್ರ ಆ ಕೆಲಸ ಮಾಡುತ್ತದೆ. ಕೊಟ್ಟ ಅಳತೆ ಸುಳ್ಳಾದರೆ ಮಾತ್ರ ಉತ್ತರವೂ ಸುಳ್ಳಾಗುತ್ತದೆ.

ನಂಗೆ ಸಿಗೋದು 50 ಮೀಟರ್ ರೇಂಜ್ ಮಾತ್ರ. ಇದೆಲ್ಲ ನಂಗ್ಯಾಕೆ?

50 ಮೀಟರಿಗೆ ಬೇಡ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) 300 ಮೀಟರಿನ ಸ್ಪರ್ಧೆಗೂ ಅಷ್ಟಾಗಿ ಬೇಡ, ಅಲ್ಲಿ ದೂರ ಬದಲಾಗುವುದಿಲ್ಲ, ಸೈಟ್ ಸರಿಮಾಡಿಕೊಳ್ಳಲು ಸೈಟಿಂಗ್ ಶಾಟ್‌ಗಳೂ ಇರುತ್ತವೆ.

ಆದರೆ .22 ರೈಫಲನ್ನು 200 ಮೀಟರಿಗೆ ಹೊಡೆಯುವ ಅವಕಾಶ ಎಲ್ಲಿಯಾದರೂ ಸಿಕ್ಕರೆ ಬಿಡಬೇಡಿ. ಸೆಕೆಂಡಿಗೆ 330 ಮೀಟರಿನ ಆ ಗುಂಡು, 50 ಮೀಟರಿಗೆ ಝೀರೋ ಮಾಡಿದ್ದರೆ (ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಸೈಟ್ ಹೊಂದಿಸಿದ್ದರೆ), 200 ಮೀಟರಿನಲ್ಲಿ ಒಂದೂವರೆ ಮೀಟರಿಗೂ ಮೇಲೆ ಇಳಿದಿರುತ್ತದೆ. ವೇಗದಲ್ಲಿ 3 ಮೀಟರ್ ಹೆಚ್ಚುಕಡಿಮೆಯಾದರೂ ಗುರಿಹಲಗೆಯ ಮೇಲೆ ಮೂರ್ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ದೊಡ್ಡ ರೈಫಲ್ ಸಾವಿರ ಗಜದಲ್ಲಿ ಕಲಿಸುವ ಪಾಠವನ್ನು ಇದು ಕಡಿಮೆ ಖರ್ಚಿನಲ್ಲಿ, ಭುಜ ನೋಯಿಸದೆ ಕಲಿಸುತ್ತದೆ.

ಮಿಲ್ ಒಳ್ಳೇದಾ, ಎಂಒಎ ಒಳ್ಳೇದಾ?

ಎರಡೂ ಕೋನದ ಅಳತೆಗಳೇ. 100 ಮೀಟರಿನಲ್ಲಿ 1 ಮಿಲ್ ಎಂದರೆ 10 ಸೆಂ.ಮೀ., 1 ಎಂಒಎ ಎಂದರೆ 2.9 ಸೆಂ.ಮೀ. ಮೀಟರಿನಲ್ಲಿ ಯೋಚಿಸುವ ನಮ್ಮವರಿಗೆ ಮಿಲ್ ಸುಲಭ. ಸ್ಕೋಪಿನ ಒಳಗಿನ ಗೆರೆ, ಟರೆಟ್ (ಗುರಿಯನ್ನು ಸರಿಸಲು ತಿರುಗಿಸುವ ತಿರುಪು), ಆ್ಯಪ್ ಮೂರೂ ಒಂದೇ ಅಳತೆಯಲ್ಲಿರಲಿ, ಸಾಕು. ಮುಂದೆ ಒಂದು ಕ್ಲಿಕ್ ಎಂದಾಗ ಟರೆಟ್ ಒಂದು ಸಲ ಸರಿಯುವ 0.1 ಮಿಲ್ ಎಂದುಕೊಳ್ಳಿ.

ಅಣ್ಣ, ನಮ್ಮ ಫಾರ್ಮ್‌ಹೌಸ್ ಹತ್ರ ಖಾಲಿ ಜಾಗ ಇದೆ. ಅಲ್ಲೇ ಟ್ರೈ ಮಾಡಬಹುದಾ?

ಖಂಡಿತ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಒಂದು ಕಡೆ ಇರಲಿ. ತಪ್ಪಾಗಿ ಮೇಲಕ್ಕೆ ಹಾರಿದ .308 ಗುಂಡು ನಾಲ್ಕು ಕಿಲೋಮೀಟರ್ ದಾಟಬಲ್ಲದು. ನಿಮ್ಮ ಜಾಗದ ಬೇಲಿಯಿಂದ ನಾಲ್ಕು ಕಿಲೋಮೀಟರ್ ಆಚೆ ಯಾರು ರಾಗಿ ಕೊಯ್ಯುತ್ತಿದ್ದಾರೋ, ಯಾವ ಮಕ್ಕಳು ಆಡುತ್ತಿದ್ದಾರೋ ನಿಮಗೆ ಕಾಣುವುದಿಲ್ಲ. ಹಿಂದೆ ಮಣ್ಣಿನ ದಿಬ್ಬ ಇರುವ, ಅನುಮತಿ ಪಡೆದ ರೇಂಜಿನಲ್ಲಿ ಮಾತ್ರ.

## ಅಳತೆಗಳ ವಿಷಯ

ಆ್ಯಪ್ ಹೇಳಿದಷ್ಟೇ ಕ್ಲಿಕ್ ತಿರುಗಿಸಿದೆ, ಆದ್ರೂ ಗುಂಡು ಮೇಲೆ ಹೋಯ್ತು. ಆ್ಯಪ್ ಸರಿ ಇಲ್ವಾ?

ಬೆಂಗಳೂರಿನಲ್ಲಿ ಈ ಪ್ರಶ್ನೆ ಬಂದರೆ ನಾನು ಮೊದಲು ನೋಡುವುದು ಆ್ಯಪಿನ ಪ್ರೆಷರ್ ಕಾಲಂ, ಅಂದರೆ ಗಾಳಿಯ ಒತ್ತಡ ತುಂಬುವ ಜಾಗ. ಹತ್ತರಲ್ಲಿ ಏಳೆಂಟು ಸಲ ಅಲ್ಲಿ 1014 ಎಂದೋ 1012 ಎಂದೋ ಇರುತ್ತದೆ.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ನಿಜವಾದ ಒತ್ತಡ 910 ಹೆಕ್ಟೋಪಾಸ್ಕಲ್ ಆಸುಪಾಸು. ಹವಾಮಾನದ ಆ್ಯಪ್‌ಗಳೂ ವಿಮಾನ ನಿಲ್ದಾಣದ ವರದಿಯೂ ತೋರಿಸುವ 1014 ನಮ್ಮ ಗಾಳಿಯದಲ್ಲ. ಬೆಂಗಳೂರು ಸಮುದ್ರಮಟ್ಟದಲ್ಲಿ ಇದ್ದಿದ್ದರೆ ಎಷ್ಟಿರುತ್ತಿತ್ತು ಎಂದು ಹೊಂದಿಸಿ ಕೊಟ್ಟ ಅಂಕಿ ಅದು. ಊರು ಊರಿನ ಹವೆಯನ್ನು ಒಂದೇ ನಕಾಶೆಯಲ್ಲಿ ಹೋಲಿಸುವವರಿಗೆ, ವಿಮಾನದ ಎತ್ತರಮಾಪಕಕ್ಕೆ ಅದು ಬೇಕು. ಗುಂಡಿಗೆ ಬೇಕಾಗಿರುವುದು ಅದು ಸೀಳಿಕೊಂಡು ಹೋಗುವ ಗಾಳಿಯ ಒತ್ತಡ. ಚೆನ್ನೈನಲ್ಲೋ ಮಂಗಳೂರಿನಲ್ಲೋ ಎರಡು ಅಂಕಿಗಳೂ ಹತ್ತಿರವೇ ಇರುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಇಲ್ಲಿ ಗಾಳಿಯನ್ನು ಹತ್ತು ಪರ್ಸೆಂಟ್ ದಪ್ಪ ಮಾಡಿ ಹೇಳಿದಂತಾಗುತ್ತದೆ. 300 ಮೀಟರಿನಲ್ಲಿ ಇದು ಒಂದೆರಡು ಸೆಂಟಿಮೀಟರಿನ ಮಾತು. 1000 ಗಜದಲ್ಲಿ ಅರ್ಧ ಮೀಟರಿಗಿಂತ ಹೆಚ್ಚು.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಮೊದಲ ವರ್ಷ, ಈ ಪೀಠಭೂಮಿಯ ಮೇಲಿನ ಒಂದು 600 ಗಜದ ರೇಂಜಿನಲ್ಲಿ ಗುಂಡುಗಳು ಎಂಟು ಸೆಂಟಿಮೀಟರ್ ಮೇಲೆ ಬಿದ್ದವು. ಪಕ್ಕದಲ್ಲಿದ್ದವರು ಹೇಳಿದರೆಂದು ಆ್ಯಪಿನಲ್ಲಿ ವೇಗವನ್ನು 792ರಿಂದ 805ಕ್ಕೆ ಏರಿಸಿದೆ. ಲೆಕ್ಕ ಕೂಡಿತು, ಖುಷಿಯಾಯಿತು. ಆರು ತಿಂಗಳ ನಂತರ ಕಡಲಿನ ಮಟ್ಟದ ಊರಿನಲ್ಲಿ 1000 ಗಜದ ಪಂದ್ಯ. ಅಲ್ಲಿ ಆ್ಯಪ್ ತುಂಬಿಕೊಂಡ ಪ್ರೆಷರ್ ಸರಿಯಾಗಿಯೇ ಇತ್ತು, ನಾನು ಕೈಯಾರೆ ಏರಿಸಿದ್ದ ವೇಗ ಸುಳ್ಳಾಗಿತ್ತು. ಮೊದಲ ಮೂರು ಗುಂಡು ಒಂದು ಮೊಳದಷ್ಟು ಕೆಳಗೆ. ಬೆಂಗಳೂರಿನಲ್ಲಿ ಒಂದರ ಮೇಲೊಂದು ಮುಚ್ಚಿಕೊಂಡಿದ್ದ ಎರಡು ತಪ್ಪುಗಳು ಅಲ್ಲಿ ಬೇರೆಬೇರೆಯಾದವು. ಆ ದಿನದ ಸ್ಕೋರ್ ಹಾಳೆಯನ್ನು ಇನ್ನೂ ಡೈರಿಯ ಒಳಗೆ ಇಟ್ಟುಕೊಂಡಿದ್ದೇನೆ.

ಸರಿಯಾದ ಒತ್ತಡಕ್ಕೆ ಕೆಸ್ಟ್ರೆಲ್ ಥರದ ಕೈಮಾಪಕ ಇದ್ದರೆ ಒಳ್ಳೆಯದು. ಆದರೆ ಅದರ ಬ್ಯಾರೋಮೀಟರ್ ಪುಟದಲ್ಲಿ ರೆಫರೆನ್ಸ್ ಎತ್ತರ 0 ಇರಬೇಕು. 920 ಎಂದು ಹಾಕಿಟ್ಟರೆ ಅದೂ ಸಮುದ್ರಮಟ್ಟದ ಅಂಕಿಯನ್ನೇ ತೋರಿಸುತ್ತದೆ. ಅನೇಕ ಫೋನುಗಳಲ್ಲಿ ಒತ್ತಡದ ಸೆನ್ಸರ್ ಇದೆ, ಸೆನ್ಸರ್ ಓದುವ ಆ್ಯಪಿನಲ್ಲಿ ನೋಡಿ. ಬೆಂಗಳೂರಿನಲ್ಲಿ ನಿಂತು ಸಾವಿರಕ್ಕೂ ಮೇಲಿನ ಅಂಕಿ ಕಂಡರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಡೆನ್ಸಿಟಿ ಆಲ್ಟಿಟ್ಯೂಡ್ ಒಂದೇ ಹಾಕಿದ್ರೆ ಸಾಕು ಅಂತಾರೆ, ನಿಜವಾ?

ಒತ್ತಡ, ಉಷ್ಣತೆ, ತೇವಾಂಶ ಮೂರನ್ನೂ ಸೇರಿಸಿ ‘ಈ ಗಾಳಿ ಇಷ್ಟು ಎತ್ತರದ ಗಾಳಿಯಷ್ಟು ತೆಳು’ ಎಂದು ಹೇಳುವ ಅಂಕಿ ಅದು. ಜನವರಿಯ ಬೆಳಗ್ಗೆ 16 ಡಿಗ್ರಿ ಇದ್ದಾಗ ಬೆಂಗಳೂರಿನಲ್ಲಿ ಅದು ಸುಮಾರು 1150 ಮೀಟರ್. ಅದೇ ಬೆಂಚಿನಲ್ಲಿ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಗೆ 1800 ಮೀಟರ್ ದಾಟುತ್ತದೆ. ಕೂತ ಜಾಗ ಬದಲಾಗಿಲ್ಲ, ಗುಂಡಿನ ಪಾಲಿಗೆ ಬೆಟ್ಟ ಹತ್ತಿದಂತಾಗಿದೆ. ಚೀಟಿ ಬರೆದು ರೈಫಲಿಗೆ ಅಂಟಿಸಿಕೊಳ್ಳುವವರಿಗೆ ಇದು ಅನುಕೂಲ. ಆದರೆ ಮದ್ದಿನ ಬಿಸಿ, ಶಬ್ದದ ವೇಗ ಇದರಲ್ಲಿ ಸೇರಿಲ್ಲ, ಉಷ್ಣತೆಯನ್ನು ಬೇರೆಯಾಗಿ ಕೊಡಬೇಕು. ಇನ್ನೊಂದು ಎಚ್ಚರ: ನಿಜವಾದ ಒತ್ತಡವನ್ನೂ ಕೊಟ್ಟು ಊರಿನ ಎತ್ತರವನ್ನೂ ತುಂಬಿದರೆ ಕೆಲವು ಆ್ಯಪ್‌ಗಳು ಎತ್ತರವನ್ನು ಎರಡು ಸಲ ಕಳೆಯುತ್ತವೆ.

ಮಳೆಗಾಲದಲ್ಲಿ ಗಾಳಿ ಭಾರ ಅಲ್ವಾ? ಗುಂಡು ಜಾಸ್ತಿ ಇಳಿಯುತ್ತಾ?

ಮೈಗೆ ಹಾಗನ್ನಿಸುತ್ತದೆ, ನಿಜ ಅದರ ಉಲ್ಟಾ. ನೀರಿನ ಆವಿ ಒಣಗಾಳಿಗಿಂತ ಹಗುರ. 25 ಡಿಗ್ರಿಯಲ್ಲಿ ತೇವಾಂಶ ಸೊನ್ನೆಯಿಂದ ನೂರಕ್ಕೆ ಏರಿದರೂ ಸಾಂದ್ರತೆ ಒಂದು ಪರ್ಸೆಂಟ್ ಚಿಲ್ಲರೆ ಮಾತ್ರ ಕಡಿಮೆಯಾಗುತ್ತದೆ. 60 ಎಂದು ಹಾಕಿ ಮುಂದಕ್ಕೆ ಹೋಗಿ.

ಬಾಕ್ಸ್ ಮೇಲೇ ವೇಗ ಬರೆದಿದ್ಯಲ್ಲ, ಮತ್ತೆ ಅಳೆಯೋದು ಯಾಕೆ?

ಅದು ಕಂಪನಿಯ ಪರೀಕ್ಷಾ ನಳಿಗೆಯ ವೇಗ. ನಿಮ್ಮ ನಳಿಗೆ ಒಂದಿಂಚು ಗಿಡ್ಡವಿದ್ದರೂ .308ನಲ್ಲಿ ಸೆಕೆಂಡಿಗೆ ಆರೇಳು ಮೀಟರ್ ಕಡಿಮೆ ಬರಬಹುದು. 1000 ಗಜದಲ್ಲಿ ಬರೀ 3 ಮೀಟರಿನ ತಪ್ಪಿಗೆ ಒಂಬತ್ತು ಸೆಂಟಿಮೀಟರ್ ಇಳಿತ ಬದಲಾಗುತ್ತದೆ. ರೇಡಾರ್ ಥರದ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇರುವ ಗೆಳೆಯರು ಸಿಕ್ಕರೆ ಒಂದು ಬೆಳಗ್ಗೆ ಕೇಳಿ ಪಡೆಯಿರಿ. ನಳಿಗೆಗೆ ಕಟ್ಟುವ ಮಾದರಿ ವೇಗವನ್ನು ಚೆನ್ನಾಗಿಯೇ ಅಳೆಯುತ್ತದೆ, ಆದರೆ ಅದು ಕಟ್ಟಿರುವಾಗ ಗುಂಡು ಬೀಳುವ ಜಾಗ ಸರಿಯುತ್ತದೆ, ಆ ಹೊತ್ತಿನಲ್ಲಿ ಝೀರೋ ಮುಟ್ಟಬೇಡಿ.

ಮೂರು ಗುಂಡಿನ ಸರಾಸರಿ ಸಾಲದು. ಗುಂಡಿಂದ ಗುಂಡಿಗೆ ವೇಗದ ಏರುಪೇರು 4 ಮೀಟರ್ ಇದ್ದರೆ, ಹತ್ತು ಗುಂಡು ಹೊಡೆದ ಮೇಲೂ ಸರಾಸರಿಯಲ್ಲಿ 1.3 ಮೀಟರಿನಷ್ಟು ಅನುಮಾನ ಉಳಿಯುತ್ತದೆ. ಹತ್ತಾದರೂ ಹೊಡೆಯಿರಿ, ಇಪ್ಪತ್ತಾದರೆ ಇನ್ನೂ ಒಳ್ಳೆಯದು.

ಬೆಳಗ್ಗೆ ಎಂಟಕ್ಕೆ ಕರೆಕ್ಟಾಗಿದ್ದ ಲೆಕ್ಕ ಹನ್ನೆರಡಕ್ಕೆ ಯಾಕೆ ಕೈ ಕೊಡುತ್ತೆ?

ಗುಂಡಿನ ಪೆಟ್ಟಿಗೆ ಎಲ್ಲಿಟ್ಟಿದ್ದೀರಿ ನೋಡಿ. ಮೊನ್ನೆ ಇದೇ ಪ್ರಶ್ನೆ ಕೇಳಿದ ಹುಡುಗನ ಬೆಂಚಿಗೆ ಹೋದೆ. ಕಪ್ಪು ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ತೆಗೆದು ಬಿಸಿಲಿಗೆ ಇಟ್ಟಿದ್ದ. ಒಂದು ಕಾರ್ಟ್ರಿಜ್ ಎತ್ತಿ ಅಂಗೈಯಲ್ಲಿ ಹಿಡಿದೆ, ಹಿತ್ತಾಳೆ ಆಗ ತಾನೇ ತುಂಬಿದ ಕಾಫಿ ಲೋಟದಷ್ಟು ಬಿಸಿ. ಬಿಸಿಯಾದ ಮದ್ದು ಜೋರಾಗಿ ಉರಿಯುತ್ತದೆ, ವೇಗ ಏರುತ್ತದೆ. ಕೆಲವು ಮದ್ದಿನಲ್ಲಿ ಒಂದು ಡಿಗ್ರಿಗೆ ಅರ್ಧ ಮೀಟರ್, ಇನ್ನು ಕೆಲವದರಲ್ಲಿ ಅದಕ್ಕೂ ಹೆಚ್ಚು. ಹೊಡೆದು ಕಾದ ನಳಿಗೆಯೊಳಗೆ ರೌಂಡ್ ತುಂಬಿಟ್ಟು ಎರಡು ನಿಮಿಷ ಗಾಳಿಗಾಗಿ ಕಾದರೂ ಇದೇ ಕಥೆ.

ಮದ್ದಿನ ಸ್ವಭಾವ ತಿಳಿಯಲು ಒಂದೇ ಬ್ಯಾಚಿನ ಹತ್ತು ಗುಂಡಿನ ವೇಗವನ್ನು ತಂಪು ಬೆಳಗ್ಗೆ, ಇನ್ನು ಹತ್ತರದು ಸುಡು ಮಧ್ಯಾಹ್ನ ಅಳೆದು, ವೇಗದ ವ್ಯತ್ಯಾಸವನ್ನು ಉಷ್ಣತೆಯ ವ್ಯತ್ಯಾಸದಿಂದ ಭಾಗಿಸಿ. ಆ ಅಂಕಿಗೆ ಆ್ಯಪಿನಲ್ಲಿ ಜಾಗವಿದೆ. ಪೆಟ್ಟಿಗೆಯ ಮೇಲೆ ಒಂದು ಬಿಳಿ ಟವೆಲ್ ಹಾಕುವುದು ಅದಕ್ಕಿಂತ ಮೊದಲ ಕೆಲಸ.

ಝೀರೋ, ಸೈಟ್ ಹೈಟ್, ದೂರ: ಇದ್ರಲ್ಲಿ ಎಷ್ಟು ಕಟ್ಟುನಿಟ್ಟಾಗಿರಬೇಕು?

ಝೀರೋ ವಿಷಯದಲ್ಲಿ ತುಂಬಾ. 100 ಮೀಟರಿನಲ್ಲಿ ಗ್ರೂಪಿನ (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪಿನ) ನಡು ಒಂದು ಸೆಂಟಿಮೀಟರ್ ಮೇಲಿದ್ದರೆ ಸಾವಿರ ಗಜದಲ್ಲಿ ಅದು ಒಂಬತ್ತು ಸೆಂಟಿಮೀಟರ್. ಹತ್ತು ಗುಂಡಿನ ಗ್ರೂಪ್ ಹೊಡೆದು ನಡುವನ್ನು ಸ್ಕೇಲಿನಿಂದ ಅಳೆಯಿರಿ. ಸೈಟ್ ಹೈಟ್ ಎಂದರೆ ನಳಿಗೆಯ ನಡುವಿನಿಂದ ಸ್ಕೋಪಿನ ನಡುವಿಗೆ ಇರುವ ಅಂತರ. ಅಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ದೂರದಲ್ಲಿ ಹೆಚ್ಚುಕಡಿಮೆ ಒಂದು ಕ್ಲಿಕ್.

ದೂರದ ವಿಷಯದಲ್ಲಿ ನಮ್ಮವರು ಎಡವುವುದು ಗಜ-ಮೀಟರಿನ ಗೊಂದಲದಲ್ಲಿ. ಹಳೆಯ ರೇಂಜುಗಳ ಕಲ್ಲುಗಳು ಗಜದಲ್ಲಿವೆ, ಫೋನು ಮೀಟರಿನಲ್ಲಿದೆ. 600 ಗಜ ಎಂದರೆ 549 ಮೀಟರ್. ಅದನ್ನು 600 ಮೀಟರ್ ಎಂದುಕೊಂಡರೆ ಐದಾರು ಕ್ಲಿಕ್ ಮೇಲೆ ಹೋಗುತ್ತೀರಿ.

## ಇನ್ನೂ ಆಳಕ್ಕೆ

ಇಷ್ಟು ದುಡ್ಡು ಕೊಟ್ಟು ತಂದ ಸ್ಕೋಪು, ಅದರ ಕ್ಲಿಕ್ಕನ್ನೂ ಅನುಮಾನಿಸ್ಬೇಕಾ?

ಅನುಮಾನ ಬೇಡ, ಒಂದು ಸಲ ಅಳೆದುಬಿಡಿ. ಒಂದೂಕಾಲು ಮೀಟರ್ ಉದ್ದದ ಕಾಗದ ತೆಗೆದುಕೊಳ್ಳಿ. ಗಾರೆಯವರ ತೂಗುಗುಂಡನ್ನು ಮೇಲಿಂದ ಇಳಿಬಿಟ್ಟು, ದಾರ ಅಲ್ಲಾಡುವುದು ನಿಂತ ಮೇಲೆ ಅದರ ಗುಂಟ ಗೆರೆ ಎಳೆಯಿರಿ. ಸರಿಯಾಗಿ 100 ಮೀಟರ್ ಟೇಪಿನಲ್ಲಿ ಅಳೆದು ಕಾಗದ ನಿಲ್ಲಿಸಿ. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಐದು ಗುಂಡು, ಗುರಿ ಅಲ್ಲೇ ಇಟ್ಟು ಟರೆಟ್ 10 ಮಿಲ್ ಏರಿಸಿ ಇನ್ನೈದು ಗುಂಡು. ಎರಡು ಗ್ರೂಪಿನ ನಡುಗಳ ಅಂತರ 100 ಸೆಂ.ಮೀ. ಬರಬೇಕು. 98 ಬಂದರೆ ಸ್ಕೋಪ್ ಎರಡು ಪರ್ಸೆಂಟ್ ಕಡಿಮೆ ಏರುತ್ತಿದೆ, ಆ ಅಂಕಿಯನ್ನು ಆ್ಯಪಿಗೆ ಕೊಡಬಹುದು. ಮೇಲಿನ ಗ್ರೂಪ್ ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಸ್ಕೋಪ್ ಓರೆಯಾಗಿ ಕೂತಿದೆ. 11 ಮಿಲ್ ಏರಿಸಿದಾಗ ಒಂದೇ ಒಂದು ಡಿಗ್ರಿ ಓರೆ 1000 ಗಜದಲ್ಲಿ ಹದಿನೇಳು ಸೆಂಟಿಮೀಟರ್ ಪಕ್ಕಕ್ಕೆ ಒಯ್ಯುತ್ತದೆ, ನಾವು ಅದನ್ನು ಗಾಳಿಯ ತಲೆಗೆ ಕಟ್ಟುತ್ತೇವೆ.

ಜಿ1, ಜಿ7 ಅಂತ ಕೇಳುತ್ತೆ. ಯಾವುದು ಹಾಕ್ಲಿ?

ಬಿ.ಸಿ. (ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್) ಎನ್ನುವುದು ಗಾಳಿಯನ್ನು ಸೀಳುವುದರಲ್ಲಿ ನಿಮ್ಮ ಗುಂಡನ್ನು ಒಂದು ಮಾದರಿ ಗುಂಡಿನ ಜೊತೆ ಹೋಲಿಸಿದ ಅಂಕಿ. ಜಿ1 ಮಾದರಿ 19ನೇ ಶತಮಾನದ ಕೊನೆಯ, ಹಿಂಬದಿ ಚಪ್ಪಟೆಯಾದ ಗುಂಡು. ಜಿ7 ಉದ್ದ ಮೂತಿಯ, ದೋಣಿಯ ಹಾಗೆ ಹಿಂಬದಿ ಕಿರಿದಾಗುವ ಗುಂಡು. ಇಂದಿನ ಮ್ಯಾಚ್ ಗುಂಡುಗಳು ಇದನ್ನೇ ಹೋಲುತ್ತವೆ. ಹಾಗಾಗಿ ವೇಗ ಇಳಿದ ಹಾಗೆ ಜಿ1 ಅಂಕಿ ಬದಲಾಗುತ್ತಾ ಹೋಗುತ್ತದೆ. ನಮ್ಮ 175 ಗ್ರೇನ್ ಗುಂಡಿಗೆ ಸಿಯೆರಾ ಕಂಪನಿಯೇ ವೇಗಕ್ಕೆ ತಕ್ಕಂತೆ 0.505ರಿಂದ 0.485ರವರೆಗೆ ಕೊಟ್ಟಿದೆ. ಜಿ7ನಲ್ಲಿ 0.243 ಎಂಬ ಒಂದೇ ಅಂಕಿ ಕೊನೆಯವರೆಗೂ ಹೆಚ್ಚುಕಡಿಮೆ ನಡೆಯುತ್ತದೆ. ಜಿ7 ಆಯ್ದು 0.505 ತುಂಬಿದ ಫೋನುಗಳನ್ನು ಎಷ್ಟೋ ಸಲ ನೋಡಿದ್ದೇನೆ. ಆ ಫೋನಿನ ಪ್ರಕಾರ ಗುಂಡಿಗೆ ಗಾಳಿ ಅರ್ಧವೂ ತಾಗುವುದಿಲ್ಲ.

ಎರಡು ಆ್ಯಪಿಗೂ ಒಂದೇ ಅಂಕಿ ಕೊಟ್ಟೆ, ಉತ್ತರ ಮಾತ್ರ ಬೇರೆ ಬೇರೆ. ಯಾವುದನ್ನ ನಂಬ್ಲಿ?

ಮೊದಲು ಎರಡರ ಸೆಟ್ಟಿಂಗ್‌ಗಳನ್ನೂ ತೆರೆದು ಅಕ್ಕಪಕ್ಕ ಇಡಿ. ಬಿ.ಸಿ. ಯಾವ ಹವೆಗೆ ಹೊಂದಿಸಿದ್ದು ಎಂಬ ಆಯ್ಕೆ ಇರುತ್ತದೆ: ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ (ಐಸಿಎಒ) ಪ್ರಮಾಣದಲ್ಲಿ 1013.25 ಹೆಕ್ಟೋಪಾಸ್ಕಲ್, ಅಮೆರಿಕದ ಸೇನೆಯ ಹಳೆಯ ಆರ್ಮಿ ಮೆಟ್ರೋ ಪ್ರಮಾಣದಲ್ಲಿ ಸುಮಾರು 1000. ಸಾಂದ್ರತೆಯಲ್ಲಿ ಇವುಗಳ ಅಂತರ ಎರಡು ಪರ್ಸೆಂಟಿನ ಹತ್ತಿರ. ಇನ್ನೊಂದರಲ್ಲಿ ಸ್ಪಿನ್ ಡ್ರಿಫ್ಟ್ (ಗುಂಡು ತನ್ನ ಸುತ್ತ ತಿರುಗುವುದರಿಂದ ಪಕ್ಕಕ್ಕೆ ಸರಿಯುವುದರ ಲೆಕ್ಕ) ಆನ್ ಇರಬಹುದು, ಮದ್ದಿನ ಉಷ್ಣತೆ ಹಳೆಯದೇ ಉಳಿದಿರಬಹುದು. ಎಲ್ಲ ಸರಿಹೊಂದಿಸಿದ ಮೇಲೆ ಶಬ್ದಕ್ಕಿಂತ ವೇಗವಾಗಿರುವಷ್ಟು ದೂರ ಒಳ್ಳೆಯ ಆ್ಯಪ್‌ಗಳೆಲ್ಲ ಒಂದು ಕ್ಲಿಕ್ಕಿನೊಳಗೆ ಒಪ್ಪುತ್ತವೆ. ಜೆಬಿಎಂ ಎಂಬ ಉಚಿತ ಜಾಲತಾಣದ ಲೆಕ್ಕ ಹೋಲಿಕೆಗೆ ಚೆನ್ನಾಗಿದೆ. ಹಾರ್ನಡಿ, ಲಪುವಾ, ಅಪ್ಲೈಡ್ ಬ್ಯಾಲಿಸ್ಟಿಕ್ಸ್‌ನವರ ಆ್ಯಪ್‌ಗಳಲ್ಲಿ ರೇಡಾರಿನಿಂದ ಅಳೆದ, ಆಯಾ ಗುಂಡಿನದೇ ಡ್ರ್ಯಾಗ್ ಕರ್ವ್‌ಗಳು (ಯಾವ ವೇಗದಲ್ಲಿ ಗಾಳಿ ಎಷ್ಟು ತಡೆಯುತ್ತದೆ ಎಂಬ ನಕ್ಷೆಗಳು) ಸಿಗುತ್ತವೆ. ಅದು ಉಪಯೋಗಕ್ಕೆ ಬರುವುದು 800 ಮೀಟರಿನ ಆಚೆಗೆ.

ಟ್ರೂಯಿಂಗ್ ಅಂದ್ರೆ ಲೆಕ್ಕ ಕೂಡೋ ತನಕ ಅಂಕಿ ತಿರುಗಿಸೋದು ತಾನೇ?

ಅಲ್ಲವೇ ಅಲ್ಲ, ಹಾಗೆ ಮಾಡಿದ್ದರ ಫಲ ಏನಾಯಿತೆಂದು ಪ್ರೆಷರ್ ಪ್ರಶ್ನೆಯಲ್ಲಿ ಹೇಳಿದ್ದೇನೆ. ಒತ್ತಡ, ದೂರ, ಝೀರೋ, ಸ್ಕೋಪಿನ ಅಳತೆ ಎಲ್ಲ ಮುಗಿದ ಮೇಲೆ ಉಳಿಯುವ ಸಣ್ಣ ಅಂತರಕ್ಕಷ್ಟೇ ಟ್ರೂಯಿಂಗ್, ಅಂದರೆ ಗುಂಡು ನಿಜವಾಗಿ ಬಿದ್ದ ಜಾಗಕ್ಕೆ ಆ್ಯಪನ್ನು ಹೊಂದಿಸುವುದು. ಗುಂಡು ಶಬ್ದದ ಒಂದೂಕಾಲು ಪಟ್ಟಿಗಿಂತ ವೇಗವಾಗಿರುವ ದೂರದಲ್ಲಿ, ನಮ್ಮ ಉದಾಹರಣೆಗೆ 600–700 ಮೀಟರಿನಲ್ಲಿ, ಹತ್ತು ಗುಂಡು ಹೊಡೆದು ಎತ್ತರದ ಸರಾಸರಿ ತೆಗೆದು ವೇಗವನ್ನು ಹೊಂದಿಸಿ. ಹೊಂದಿಸಿದ ವೇಗ ಕ್ರೋನೋಗ್ರಾಫಿನ ಅಂಕಿಗಿಂತ ಐದಾರು ಮೀಟರಿಗೂ ಹೆಚ್ಚು ದೂರ ಹೋದರೆ ಅಲ್ಲೇ ನಿಲ್ಲಿಸಿ, ಬೇರೆಲ್ಲೋ ತಪ್ಪು ಕೂತಿದೆ. ಬಿ.ಸಿ.ಯನ್ನು ಮುಟ್ಟುವುದು ಆಮೇಲೆ, ಗುಂಡು ಶಬ್ದದ ವೇಗಕ್ಕೆ ಹತ್ತಿರ ಇಳಿಯುವ ದೂರದಲ್ಲಿ. ಅಲ್ಲಿ ಕೆಲವು ಗುಂಡುಗಳ ನಡೆಯೇ ಕೆಡುತ್ತದೆ. ಸಿಯೆರಾದ ಹಳೆಯ 168 ಗ್ರೇನ್ ಗುಂಡು ಇದಕ್ಕೆ ಹೆಸರುವಾಸಿ, ಅದನ್ನು ಯಾವ ಟ್ರೂಯಿಂಗೂ ಸರಿಮಾಡದು.

ಗಾಳಿಗೆ ಆ್ಯಪ್ ಹೇಳಿದ್ದನ್ನೇ ಹಾಕ್ಬಹುದಾ?

ಆ್ಯಪಿಗೆ ಗೊತ್ತಿರುವುದು ನೀವು ಹೇಳಿದ ಗಾಳಿ ಮಾತ್ರ. ಸೆಕೆಂಡಿಗೆ 1 ಮೀಟರಿನ ಅಡ್ಡಗಾಳಿ, ಹೊಂಗೆ ಎಲೆ ಅಲ್ಲಾಡುವುದೂ ಕಷ್ಟ, ಸಾವಿರ ಗಜದಲ್ಲಿ ಗುಂಡನ್ನು ಅರ್ಧ ಮೀಟರಿನ ಹತ್ತಿರ ತಳ್ಳುತ್ತದೆ. ಕೈಯಲ್ಲಿರುವ ಮಾಪಕ ನಿಮ್ಮ ಮೂಗಿನ ಮುಂದಿನ ಗಾಳಿಯನ್ನಷ್ಟೇ ಅಳೆಯುತ್ತದೆ. ಮಧ್ಯದಾರಿಯ ಗಾಳಿಯನ್ನು ಬಾವುಟ, ಹುಲ್ಲು, ಬಿಸಿಲುಗುದುರೆ ಹೇಳಬೇಕು. ಸ್ಪಾಟಿಂಗ್ ಸ್ಕೋಪಿನ ಫೋಕಸನ್ನು ಗುರಿಗಿಂತ ಸ್ವಲ್ಪ ಈಚೆಗೆ ತಂದರೆ ಬಿಸಿಲುಗುದುರೆ ಹೊಳೆಯ ನೀರಿನಂತೆ ಹರಿಯುವುದು ಕಾಣುತ್ತದೆ. ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ, ಅಥವಾ ದಿಕ್ಕು ಬದಲಿಸುವ ಹೊತ್ತು.

ಬೆಂಗಳೂರಿನಲ್ಲಿ ಕಲಿಯಲು ಜೂನ್, ಜುಲೈ ಒಳ್ಳೆಯ ಕಾಲ. ಪಡುವಣ ಗಾಳಿ ಜೋರಾಗಿ, ಬಿಟ್ಟು ಬಿಟ್ಟು ಬೀಸುತ್ತದೆ. ಹೊಡೆಯುವ ಮೊದಲು ನಿಮ್ಮ ಅಂದಾಜನ್ನು ಬರೆದಿಡಿ, ಹೊಡೆದ ಮೇಲೆ ಬರೆದರೆ ಮನಸ್ಸು ಅಂಕಿಯನ್ನು ತಿದ್ದಿಬಿಡುತ್ತದೆ.

ಕೊರಿಯೊಲಿಸ್, ಸ್ಪಿನ್ ಡ್ರಿಫ್ಟ್ ಎಲ್ಲ ಆನ್ ಮಾಡ್ಬೇಕಾ?

ಸ್ಪಿನ್ ಡ್ರಿಫ್ಟ್ ಆನ್ ಮಾಡಿ. ಬಲಕ್ಕೆ ತಿರುಗುವ ನಳಿಗೆಯ ಗುಂಡು ಸಾವಿರ ಗಜದಲ್ಲಿ ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಬಲಕ್ಕೆ ಸರಿಯುತ್ತದೆ. ಎಫ್-ಕ್ಲಾಸ್ (ಸ್ಕೋಪ್ ಇಟ್ಟು ಮಲಗಿ ಹೊಡೆಯುವ ದೂರದ ಪಂದ್ಯ) ಗುರಿಯಲ್ಲಿ ಒಳವೃತ್ತದ ಅಗಲ 12.7 ಸೆಂ.ಮೀ. ಮಾತ್ರ.

ಕೊರಿಯೊಲಿಸ್ ವಿಷಯದಲ್ಲಿ ನಮ್ಮ ಊರು ವಿಶೇಷ. ನಾವು ಉತ್ತರಕ್ಕೆ 13 ಡಿಗ್ರಿ ಅಕ್ಷಾಂಶದಲ್ಲಿ, ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ. ಹಾಗಾಗಿ ಭೂಮಿ ತಿರುಗುವುದರಿಂದ ಗುಂಡು ಬಲಕ್ಕೆ ಸರಿಯುವುದು 1000 ಗಜದಲ್ಲಿ ಬರೀ ಎರಡೂವರೆ ಸೆಂಟಿಮೀಟರ್. ಲಂಡನ್ ಕಡೆ ಅದು ಎಂಟೊಂಬತ್ತು. ಆದರೆ ಪೂರ್ವಕ್ಕೆ ಹೊಡೆದರೆ ಮೇಲೆ, ಪಶ್ಚಿಮಕ್ಕೆ ಹೊಡೆದರೆ ಕೆಳಗೆ ಆಗುವ ವ್ಯತ್ಯಾಸ ನಮ್ಮಲ್ಲೇ ಹೆಚ್ಚು, ಸುಮಾರು ಹತ್ತು ಸೆಂಟಿಮೀಟರ್, ಪೂರ್ತಿ ಒಂದು ಕ್ಲಿಕ್. ರೇಂಜ್ ಯಾವ ದಿಕ್ಕಿಗಿದೆ ಎಂದು ಫೋನಿನ ದಿಕ್ಸೂಚಿಯಲ್ಲಿ ನೋಡಿ ಬರೆದುಕೊಳ್ಳಿ. 300 ಮೀಟರಿನಲ್ಲಿ ಇದು ಒಂದು ಸೆಂಟಿಮೀಟರೂ ಇಲ್ಲ, ಮರೆತರೂ ನಡೆಯುತ್ತದೆ.

ಇಲ್ಲಿ ಪ್ರಾಕ್ಟೀಸ್ ಮಾಡಿ ಇಂಗ್ಲೆಂಡಿನ ಬಿಸ್ಲಿಗೆ ಹೋಗ್ತಿದೀನಿ ಸರ್. ಏನೇನು ಬದಲಾಯಿಸ್ಲಿ?

1890ರಿಂದ ಪಂದ್ಯ ನಡೆಯುತ್ತಿರುವ ಜಾಗ, ಅಲ್ಲಿನ ಸ್ಟಿಕಲ್‌ಡೌನ್ ರೇಂಜಿನಲ್ಲಿ 1200 ಗಜದವರೆಗೂ ಹೊಡೆಯುತ್ತಾರೆ. ರೈಫಲ್, ಗುಂಡು, ಬಿ.ಸಿ., ಸ್ಕೋಪಿನ ಅಳತೆ ಯಾವುದನ್ನೂ ಮುಟ್ಟಬೇಡಿ. ಬದಲಾಗುವುದು ಒತ್ತಡ, ಉಷ್ಣತೆ, ಅಕ್ಷಾಂಶ, ಹೊಡೆಯುವ ದಿಕ್ಕು, ಅಷ್ಟೇ. ಇಲ್ಲಿಗಿಂತ ಗಾಳಿ ಹತ್ತು ಪರ್ಸೆಂಟಿಗೂ ಹೆಚ್ಚು ದಪ್ಪ, ಏಳೆಂಟು ಕ್ಲಿಕ್ ಹೆಚ್ಚು ಬೇಕೆಂದು ಆ್ಯಪ್ ಹೇಳಿದರೆ ಗಾಬರಿಯಾಗಬೇಡಿ. ತಂಪು ಹವೆಗೆ ಮದ್ದಿನ ವೇಗ ಇಳಿದಿರುತ್ತದೆ, ಅಲ್ಲಿ ಬೇರೆ ಬ್ಯಾಚಿನ ರೌಂಡ್ ಕೊಂಡರೆ ವೇಗವನ್ನು ಹೊಸದಾಗಿ ಅಳೆಯಲೇಬೇಕು. ವಿಮಾನದಲ್ಲಿ ರೈಫಲಿನ ಪೆಟ್ಟಿಗೆ ಎಸೆದಾಡಿರುತ್ತಾರೆ, ಆದ್ದರಿಂದ ಮೊದಲ ದಿನ ಹತ್ತಿರದ ರೇಂಜಿನಲ್ಲಿ ಝೀರೋ ನೋಡಿ. ಡೈರಿಯಲ್ಲಿ ಬೆಂಗಳೂರಿನ ಕಾಲಂ ಪಕ್ಕದಲ್ಲೇ ಬಿಸ್ಲಿಯ ಕಾಲಂ ಎಳೆದು, ಆ್ಯಪ್ ಹೇಳಿದ ಕ್ಲಿಕ್ಕನ್ನು ಇಲ್ಲಿಂದ ಹೊರಡುವ ಮೊದಲೇ ಪೆನ್ನಿನಲ್ಲಿ ಬರೆದಿಡಿ. ಅಲ್ಲಿ ನಿಜವಾಗಿ ಬೇಕಾದ ಕ್ಲಿಕ್ಕನ್ನು ಅದರ ಕೆಳಗೆ ಬರೆದುಕೊಂಡು ಬನ್ನಿ, ಇಬ್ಬರೂ ಕೂತು ನೋಡೋಣ.